ಮೊದಲ ಬೆಂಚಿನ ಫ್ರೀಡತ್ತೆ

ನಮ್ಮ ಕಣಿವೆಯ ಜರ್ಮನ್ ಶಾಲೆಯ ಮಾತು ಬಂದಾಗ ಎಲ್ಲರೂ ಕಟ್ಟಿಸಿದವರ ಹೆಸರು ಹೇಳುತ್ತಾರೆ. ಹೇಳಲಿ. ನನಗೆ ಅದು ಫ್ರೀಡತ್ತೆಯ ಶಾಲೆ. ಜರ್ಮನಿಯಿಂದ ಬ್ರೆಜಿಲ್ಲಿಗೆ ಹಡಗು ಹತ್ತಿ ಬಂದಾಗ ಅವಳಿನ್ನೂ ಚಿಕ್ಕ ಹುಡುಗಿ. ಕಾಡು ಕಡಿದು ಹೊಲ ಮಾಡುವ ಮನೆಯಲ್ಲಿ ಅವಳನ್ನು ಓದಿಸುವವರು ಯಾರು? ಗಂಡ ಸತ್ತ ಮೇಲೆ ಶಾಲೆಯ ಹಿಂದಿನ ಕೋಣೆ ಸೇರಿಕೊಂಡು, ಕಸ ಗುಡಿಸಿ, ಗಂಟೆ ಹೊಡೆದು, ನಮ್ಮೆಲ್ಲರ ಮೂಗು ಒರೆಸಿಕೊಂಡು ಇದ್ದುಬಿಟ್ಟಳು. ಅಕ್ಷರ ಮಾತ್ರ ಒಂದೂ ಬಾರದು.

ಹೊಸದಾಗಿ ಶಾಲೆಗೆ ಸೇರುವ ಮಗುವಿಗೆ ಎದೆಯೆತ್ತರದ ಕಾಗದದ ಪೊಟ್ಟಣ ಕೊಡುವುದು ನಮ್ಮವರ ಪದ್ಧತಿ. ಕಟ್ಟುತ್ತಿದ್ದವಳು ಫ್ರೀಡತ್ತೆ. ಮೇಲೆ ಜೇನಿನ ಬಿಸ್ಕತ್ತು, ಕಡಲೆಕಾಯಿ ಮಿಠಾಯಿ, ಒಂದು ಬಳಪ. ಕೆಳಗಿನ ಅರ್ಧಕ್ಕೆ ಹಳೆಯ ಪತ್ರಿಕೆ ಮುದ್ದೆ ಮಾಡಿ ತುರುಕುತ್ತಿದ್ದಳು. ನಾವು ಗೊಣಗಿದರೆ, "ಮೇಲಿಂದ ತಿನ್ರೋ ಹೊಟ್ಟೆಬಾಕರಾ! ತಳ ನೋಡೋಕೆ ಏನವಸರ?" ಎಂದು ಗದರುತ್ತಿದ್ದಳು. ಆ ಬಿಸ್ಕತ್ತಿನ ರುಚಿ ಮತ್ತೆಲ್ಲೂ ಸಿಗಲಿಲ್ಲ.

ನಾನು ಮೂರನೇ ತರಗತಿಗೆ ಬರುವಷ್ಟರಲ್ಲಿ, ಶಾಲೆಯಲ್ಲಿ ಜರ್ಮನ್ ಆಡಬಾರದು, ಓದಬಾರದು ಎಂದು ಸರ್ಕಾರದ ಆಜ್ಞೆಯಾಯಿತು. ನಮ್ಮ ಮೇಷ್ಟರನ್ನು ಕಳಿಸಿ, ಕರಾವಳಿಯಿಂದ ಜುರೇಮಾ ಎಂಬ ಟೀಚರನ್ನು ತಂದರು. ಪುಸ್ತಕಗಳನ್ನು ಗಾಡಿಗೆ ತುಂಬಿಕೊಂಡು ಹೋದರು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಪೋರ್ಚುಗೀಸ್ ಬಾರದ ಫ್ರೀಡತ್ತೆ ಶಾಲೆಯೊಳಗೆ ಬಾಯಿಗೆ ಬೀಗ ಹಾಕಿಕೊಂಡಳು. ಪೊಟ್ಟಣ ಕಟ್ಟುವುದನ್ನು ಮಾತ್ರ ಬಿಡಲಿಲ್ಲ.

ಹೊಸ ಮಕ್ಕಳು ಬಂದ ದಿನವೇ ಶಾಲಾ ಇನ್ಸ್‌ಪೆಕ್ಟರೂ ಬಂದ. ನನ್ನ ತಂಗಿ ವಿಲ್ಟ್ರೂಡ್ ತಡೆಯಲಾರದೆ ಪೊಟ್ಟಣವನ್ನು ಬೋರಲು ಹಾಕಿದಳು. ಮಿಠಾಯಿಯ ಹಿಂದೆಯೇ ಜರ್ಮನ್ ಪತ್ರಿಕೆಯ ಮುದ್ದೆ ಉರುಳಿ ಅವನ ಬೂಟಿನ ಬಳಿ ಬಿತ್ತು. ಅವನು ಬಿಡಿಸಿ ನೋಡಿದ. ಊರಿಗೆ ಸರಕು ತರುತ್ತಿದ್ದ ಗಾಡಿಯವರ ಒಡನಾಟದಿಂದ ನನಗೆ ಅಷ್ಟಿಷ್ಟು ಪೋರ್ಚುಗೀಸ್ ಬರುತ್ತಿತ್ತು; ಅವನ ಮಾತು ಅರ್ಥವಾಯಿತು.

"ಇದನ್ನ ಮಕ್ಕಳಿಗೆ ಹಂಚಿದ್ಯಾರು?" ಎಂದ.

"ಅವಳಿಗೆ ಓದೋಕೇ ಬರಲ್ಲ ಸಾರ್," ಎಂದು ಜುರೇಮಾ ಟೀಚರ್ ಫ್ರೀಡತ್ತೆಯನ್ನು ತೋರಿಸಿದಳು. "ರದ್ದಿ ಅಂತ ತುರುಕಿದಾಳೆ."

"ಓದೋಕೆ ಬರಲ್ಲ, ನಮ್ಮ ಭಾಷೆ ಬರಲ್ಲ, ಶಾಲೇಲಿ ಏನು ಕೆಲಸ? ಕೋಣೆ ಖಾಲಿ ಮಾಡ್ಸಿ."

"ಈಸ್ಟರ್‌ವರೆಗೆ ಬಿಡಿ ಸಾರ್, ನಾನು ಕಲಿಸ್ತೀನಿ."

"ಈ ಮುದುಕಿಗಾ?" ಅವನು ನಕ್ಕ. "ಕಲಿಸಿ. ಬಂದು ನೋಡ್ತೀನಿ."

ಗೇಟಿನಾಚೆ ಕರೆದುಕೊಂಡು ಹೋಗಿ ಜರ್ಮನ್‌ನಲ್ಲಿ ನಾನೇ ಎಲ್ಲ ಹೇಳಿದೆ. ಫ್ರೀಡತ್ತೆ ಬಿಳಿಚಿಕೊಂಡಳು. "ಕೋಣೆ ಬಿಟ್ಟು ಎಲ್ಲಿಗ್ ಹೋಗ್ಲೋ?"

ಮರುದಿನ ನನ್ನ ತಂಗಿಯ ಪಕ್ಕ, ಮೊದಲ ಬೆಂಚಿನಲ್ಲಿ, ಮಂಡಿ ಮಡಚಲಾಗದೆ ಕುಳಿತಳು. ಹೊಸ ವಿದ್ಯಾರ್ಥಿಗೆ ಪೊಟ್ಟಣ ಬೇಡವೇ ಎಂದು ನನ್ನಮ್ಮ ಒಂದು ಕಟ್ಟಿಕೊಟ್ಟಳು. ಸಂಜೆ ಗೇಟಿನ ಹೊರಗೆ ನಾವು, "ಅತ್ತೆ, ಕೈ ಚಾಚು, ತಪ್ಪು ಬರೆದೆ!" ಎಂದು ಕಾಡಿದರೆ ಅವಳು ಪೊರಕೆ ಎತ್ತುತ್ತಿದ್ದಳು. ಜುರೇಮಾ ಟೀಚರ್ ಮಾತ್ರ ಒಮ್ಮೆಯೂ ನಗಲಿಲ್ಲ. ಅವಳ ಮೇಲಿದ್ದ ನನ್ನ ಸಿಟ್ಟು ಇಳಿದದ್ದು ಆ ದಿನಗಳಲ್ಲೇ.

ಈಸ್ಟರ್ ಕಳೆದು ಇನ್ಸ್‌ಪೆಕ್ಟರ್ ಬಂದ. ಬೆಂಚು ಹಿಡಿದು ಎದ್ದು ನಿಂತ ಫ್ರೀಡತ್ತೆ ಪೋರ್ಚುಗೀಸಿನಲ್ಲಿ ಬಿಡಿಬಿಡಿಯಾಗಿ ಹೇಳಿದಳು: "ನಾನು ಎಲ್ಫ್ರೀಡೆ ಕ್ನೋಬ್ಲಾಖ್. ಈ ಶಾಲೆಯ ವಿದ್ಯಾರ್ಥಿನಿ." ಬೋರ್ಡಿನ ಮೇಲೆ ಹೆಸರನ್ನೂ ಬರೆದಳು. ಅವನು ಅದನ್ನು ಓದಿ, "ಇರಲಿ ಬಿಡಿ," ಎಂದು ಹೊರಟುಹೋದ.

ನಾವು ಕುಣಿದಾಡಿದೆವು. ಫ್ರೀಡತ್ತೆ ತನ್ನ ಕೋಣೆಗೆ ಹೋಗಿ ಅಳುತ್ತ ಕುಳಿತಿದ್ದಳು.

"ಗೆದ್ಯಲ್ಲ ಅತ್ತೆ, ಯಾಕಳ್ತೀಯ?" ಎಂದೆ.

"ನಮ್ಮ ಹಳೇ ಮೇಷ್ಟ್ರು ದೇವರಂಥೋರು ಕಣೋ," ಎಂದಳು ಮೂಗೊರೆಸಿಕೊಳ್ಳುತ್ತ. "ಆದ್ರೆ ಅಷ್ಟು ವರ್ಷವೂ ಗುಡಿಸು ಅಂದ್ರೇ ಹೊರ್ತು, ಕೂತ್ಕೊಂಡು ಕಲಿ ಅಂತ ಒಂದ್ಸಲಾನೂ ಅನ್ಲಿಲ್ಲ."