ಗದಿಗೆವ್ವನ ಹಗೇವು

ಉಪ್ಪು ಮತ್ತು ಸೀಮೆಎಣ್ಣೆಯ ಹೊರತು ಬಜಾರಿನಿಂದ ಏನನ್ನೂ ತರಬಾರದೆಂಬುದು ಹರ್ತಿಯ ಗದಿಗೆವ್ವನ ಹಟ. ಎಂಟು ಎಕರೆ ಎರೆಹೊಲದಲ್ಲಿ ಬಿಳಿಜೋಳ, ನಡುವೆ ಅಕ್ಕಡಿ ಸಾಲಿನಲ್ಲಿ ಕುಸುಬೆ, ಬದುವಿನ ಪಕ್ಕ ಕಡಲೆ. ಕುಸುಬೆ ಕೊಟ್ಟು ಗಾಣದಿಂದ ಎಣ್ಣೆ, ಜೋಳ ಅಳೆದು ಬೆಟಗೇರಿಯ ನೇಕಾರರಿಂದ ಸೀರೆ. ಮಿಕ್ಕ ಜೋಳವೆಲ್ಲ ಮನೆಯ ಮುಂದಿನ ಹಗೇವಿಗೆ, ನೆಲದಾಳದ ಆ ಕಣಜಕ್ಕೆ, ಸೇರುತ್ತಿತ್ತು. ಗಂಡ ತೀರಿಕೊಂಡ ಮೇಲಿನ ಇಪ್ಪತ್ತು ವರ್ಷಗಳಲ್ಲಿ ಈ ಕ್ರಮ ತಪ್ಪಿರಲಿಲ್ಲ.

೧೯೭೮ರ ಬೇಸಿಗೆಯಲ್ಲಿ ಮೈದುನ ದ್ಯಾಮಪ್ಪ ಹುಲಕೋಟಿಯಿಂದ ಬಂದ. ಅವನಿಗೆ ಅಲ್ಲಿ ಹತ್ತಿಯ ಗಿರಣಿಯಲ್ಲಿ ನೌಕರಿ, ಇಲ್ಲಿ ಹೊಲದಲ್ಲಿ ಅರ್ಧ ಪಾಲು.

“ವೈನಿ, ಈ ವರ್ಷ ಪೂರಾ ಹೈಬ್ರಿಡ್ ಹತ್ತಿ ಹಾಕೂಣ್ರಿ. ಜೋಳ ಪ್ಯಾಟ್ಯಾಗ ಸಿಗತೈತಿ.”

“ಹತ್ತಿ ಬಡದು ರೊಟ್ಟಿ ಮಾಡಂತೀ ಏನಲೇ?”

“ಮೂರು ವರ್ಷ ಮುಚ್ಚಿಟ್ಟ ನಿಮ್ಮ ಜೋಳ ಖರೇನ ಕೊಳತಿರತೈತಿ, ನೋಡ್ರಿ ಬೇಕಾರ.”

ಗದಿಗೆವ್ವನ ಮೂಗುತಿ ಮಿಂಚಿತು. “ನಾಳೆ ತಗಸತೀನಿ. ಕೊಳತಿದ್ರ ಹೊಲಾ ಪೂರಾ ಹತ್ತಿ. ಚಲೋ ಇದ್ರ ನನ್ನ ಜೋಳದ ಸಾಲಿಗೆ ನೀ ಕೈ ಹಚ್ಚಂಗಿಲ್ಲ.”

ಮರುದಿನ ಓಣಿಯೇ ನೆರೆಯಿತು. ನೆರೆಮನೆಯ ಗೌಸಸಾಬ ಬಾಯಿಗಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯ್ದ. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕಂದೀಲು ಎರಡು ಸಲ ಆರಿತು. ಮೂರನೆಯ ಸಲ ಉರಿಯುತ್ತಲೇ ಉಳಿದ ಮೇಲೆ ಇಳಿದ. ಮೊದಲ ಬುಟ್ಟಿ ಮೇಲೆ ಬಂತು: ಕಪ್ಪು ಹೆಂಟೆ, ಹುಳಿ ನಾತ.

ದ್ಯಾಮಪ್ಪ ಮೂಗು ಮುಚ್ಚಿಕೊಂಡು ನಕ್ಕ. “ಬೆಲ್ಲ ಹಚ್ಚಿಕೊಂಡು ತಿನ್ನೂಣೇನ್ರಿ?”

“ಇನ್ನೊಂದು ಮೊಳ ಕೆದರು, ಗೌಸಸಾಬಣ್ಣ,” ಎಂದಳು ಗದಿಗೆವ್ವ. ಬಾಯಿಗೂ ಗೋಡೆಗೂ ತಾಗಿದ ಕಾಳು ತಾನು ಕೆಟ್ಟು ಒಳಗಿನದನ್ನು ಕಾಯುತ್ತದೆ. ಗಿರಣಿಯ ಮನುಷ್ಯ ಅದನ್ನು ಮರೆತಿದ್ದ. ಆದರೂ ಎರಡನೆಯ ಬುಟ್ಟಿ ಕಪ್ಪಾಗಿಯೇ ಬಂದಾಗ, ಮೂರನೆಯದೂ ಹಾಗೆಯೇ ಬಂದಾಗ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗೇವಿನ ಬಾಯಿಗೆ ಬಗ್ಗಿ ನೋಡಿದಳು.

ಆಗ ನೆಲದೊಳಗಿಂದ ಕೂಗು ಕೇಳಿತು. “ಅಕ್ಕಾ! ನಿನ್ನೆ ರಾಶಿ ಮಾಡಿದಂಗ ಐತಿ ನೋಡಬೇ!”

ನಾಲ್ಕನೆಯ ಬುಟ್ಟಿಯಿಂದ ಬಿಳಿಜೋಳ ಸುರಿಯಿತು. ಹೆಂಗಸರು ಕೈ ತುಂಬ ಬಾಚಿ, ಹಲ್ಲಿನಲ್ಲಿ ಕಡಿದು, “ಕಟುಂ ಅಂತೈತಿ!” ಎಂದು ನಕ್ಕರು. ಮಧ್ಯಾಹ್ನಕ್ಕೆ ಹಿಟ್ಟಾಗಿ, ಓಣಿಗೆಲ್ಲ ರೊಟ್ಟಿಯಾಯಿತು. ದ್ಯಾಮಪ್ಪ ಐದು ರೊಟ್ಟಿ ಮುಗಿಸಿ ಆರನೆಯದಕ್ಕೆ ಕೈ ಚಾಚಿದ.

“ವೈನಿ, ನಮ್ಮ ಮನಿಗೊಂದು ಚೀಲ ಒಯ್ಯಲೇನ್ರಿ?”

“ಎರಡು ಒಯ್ಯಿ. ಹಿಂಗಾರಿಗೆ ರಜಾ ಹಾಕಿ ಬಾ. ಜೋಳ ಬಿತ್ತಾಕ ಕೂರಗಿ ಹಿಡಿಯೋರು ಬೇಕು.”

“ಆತ್ರಿ,” ಎಂದ ದ್ಯಾಮಪ್ಪ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ.