ಶೇ. ಜವಾನ ನೂಡಲ್ಸ್

ಆಗ ರೋಣದಲ್ಲಿ ಹೊರಗಿನ ತಿನಿಸು ಅಂದರೆ ಗಿರಮಿಟ್ಟು, ಮಿರ್ಚಿ, ಮೇಲೊಂದು ಅರ್ಧ ಕಪ್ ಚಹಾ. ನೂಡಲ್ಸ್ ಅನ್ನುವುದನ್ನು ಟೀವಿಯಲ್ಲಿ ನೋಡಿದ್ದೆವೇ ಹೊರತು ಬಾಯಿಗೆ ಬಿದ್ದಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು, ನಾನು ಎಂಟನೇ ಇಯತ್ತೆ. ನಮ್ಮ ಓಣಿಯ ಮಾಬುಸಾಬ ಕಾಕಾ ಗೋವಾದ ಹೋಟೆಲ್ ಕೆಲಸ ಬಿಟ್ಟು ಬಂದು, ಹಿಟ್ಟಿನ ಗಿರಣಿಯ ಬಾಜೂಕ ಒಂದು ಚೈನೀಸ್ ಹೋಟೆಲ್ ತೆಗೆದ.

ಹೋಟೆಲ್ ಅಂದರೆ ಏನು ಮಹಾ! ತಗಡಿನ ಚಪ್ಪರ, ಎರಡು ಬೆಂಚು, ಭುರ್ ಅಂತ ಉರಿಯುವ ಒಲೆ. ಕಾಕಾ ಕಡಾಯಿ ಎತ್ತಿ ಕುಲುಕಿದರೆ ಬೆಂಕಿ ಒಳಗೇ ನುಗ್ಗುತ್ತಿತ್ತು. ಜೋಳ ಬೀಸಲು ಬಂದ ಹೆಂಗಸರು ತಲೆಮೇಲಿನ ಪುಟ್ಟಿ ಇಳಿಸಿ, "ಯವ್ವಾ, ಸುಟ್ಟಗೊಂಡಾನು!" ಅಂತ ಬಾಯಿ ಬಿಟ್ಟು ನಿಲ್ಲುತ್ತಿದ್ದರು. ಕಾದ ಎಣ್ಣೆಗೆ ಬೆಳ್ಳುಳ್ಳಿ, ಅದರ ಹಿಂದೆ ಕೆಂಪು ಖಾರ ಬಿತ್ತೆಂದರೆ ಇಡೀ ಓಣಿ ಆಕ್ಷಿ ಆಕ್ಷಿ ಅಂತ ಸೀನುತ್ತಿತ್ತು. ನಮ್ಮವ್ವನಿಗೆ ಮಾತ್ರ ಎಲ್ಲಿಲ್ಲದ ಸಿಟ್ಟು. "ಶಾವಿಗಿಗೆ ಯಾರರ ಖಾರ ಹಾಕ್ತಾರ? ಹಾಲು ಬೆಲ್ಲ ಹಾಕೂದ ಬಿಟ್ಟು!"

ಆ ಖಾರದ ಗುಟ್ಟು ಏನು ಗೊತ್ತೇ? ನಮ್ಮ ರಂಜಕ. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆಹುಳಿ ಹಾಕಿ ಅರೆದು ರೊಟ್ಟಿಗೆ ಹಚ್ಚಿಕೊಳ್ಳುತ್ತೇವಲ್ಲ, ಅದೇ. "ಗೋವಾದಾಗ ಖಾರದ ಬಾಟ್ಲಿ ಇರ್ತಿತ್ತವಾ. ಇಲ್ಲಿ ಎಲ್ಲಿಂದ ತರ್ಲಿ? ನಮ್ಮ ರಂಜಕ ಏನ್ ಕಡಿಮಿ ಐತಿ?" ಅನ್ನುತ್ತಿದ್ದ ಕಾಕಾ.

ಬೋರ್ಡನ್ನೂ ಅವನೇ ಬರೆದ. ಹಸಿರು ತಗಡು, ಕೆಂಪು ಅಕ್ಷರ. ಗೋಬಿ ಮಂಚೂರಿ, ಎಗ್ ರೈಸ್ ಚಂದ ಕೂತವು. ಕೊನೆಯ ಸಾಲು ಶೇಜವಾನ ನೂಡಲ್ಸ್. ಶೆಜ್ವಾನ್ ಅನ್ನುವುದು ಗೋವಾದಲ್ಲಿ ಅವನ ಕಿವಿಗೆ ಬಿದ್ದದ್ದು ಹಾಗೆ. "ಶೇ" ಬರೆದ ಮೇಲೆ ತಗಡಿನಲ್ಲಿ ಒಂದು ಮೊಳೆ ಅಡ್ಡ ಬಂತು, ಅದನ್ನು ಬಿಟ್ಟು ಆಚೆಗೆ "ಜವಾನ" ಬರೆದ. ಕುಂಚದಿಂದ ಒಂದು ಹನಿ ತಟಕ್ಕನೆ "ಶೇ" ಪಕ್ಕದಲ್ಲೇ ಬಿತ್ತು. ಒಣಗಿದ ಮೇಲೆ ನೋಡಿದರೆ, "ಶೇ. ಜವಾನ ನೂಡಲ್ಸ್"!

ಊರೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ನಮ್ಮಪ್ಪ ಯಲ್ಲಪ್ಪ ಜವಾನ, ಅದೂ ನಾನು ಓದುವ ಸಾಲಿಯಲ್ಲೇ.

ಏಳನೆಯವರೆಗೆ ನಾನು ಜಕ್ಕಲಿಯಲ್ಲಿ ಅಜ್ಜಿ ಮನೆಯಲ್ಲಿದ್ದವಳು. ರೋಣದ ಸಾಲಿಗೆ ಸೇರಿದ ಮೊದಲ ದಿನ ಮಾಸ್ತರರು ಒಬ್ಬೊಬ್ಬರನ್ನೇ ಎಬ್ಬಿಸಿ ಅಪ್ಪನ ಉದ್ಯೋಗ ಕೇಳಿದರು. ಕಿರಾಣಿ ಅಂಗಡಿ, ಒಕ್ಕಲುತನ, ದವಾಖಾನಿ ಡಾಕ್ಟರು ಅಂತ ಬರುತ್ತಾ ನನ್ನ ಸರದಿ ಬಂತು. "ಸರ್ಕಾರಿ ನೌಕರಿರಿ" ಅಂದುಬಿಟ್ಟೆ. ನೋಟೀಸು ಹಿಡಿದು ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಅದು ಕೇಳಿಸಿತು. ಸಂಜೆ ಮನೆಯಲ್ಲಿ, ಅಂಗಿ ಗೂಟಕ್ಕೆ ಹಾಕುತ್ತಾ, "ಸಾಲ್ಯಾಗ ನನ್ನ ಮಾತಾಡ್ಸೂದು ಬ್ಯಾಡವಾ. ನಿನಗ್ಯಾಕ ತ್ರಾಸ?" ಅಂದ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅಷ್ಟು ಮೆತ್ತಗೆ ಹೇಳಿದ. ಮರುದಿನದಿಂದ ಎಲ್ಲರ ಹಾಗೆ ನಾನೂ "ಯಲ್ಲಪ್ಪಣ್ಣ" ಅಂದೆ. ಹೆತ್ತಪ್ಪನನ್ನು ಆರು ತಿಂಗಳು ಅಣ್ಣ ಅಂತ ಕರೆದವಳು ನಾನು!

ಗಣಿತದಲ್ಲಿ ಶೇಕಡಾ ಪಾಠ ನಡೆದಿತ್ತು. ಅಪ್ಪ ಕೊಡಕ್ಕೆ ನೀರು ತುಂಬಲು ಒಳಗೆ ಬಂದಾಗ ಹಿಂದಿನ ಬೆಂಚಿನ ಒಬ್ಬ ಎದ್ದು, "ಸರ್, ಆ ನೂಡಲ್ಸಿನ್ಯಾಗ ಶೇಕಡಾ ಎಷ್ಟ್ ಜವಾನ್ ಇರ್ತಾನ್ರೀ?" ಅಂದ. ವರ್ಗವೆಲ್ಲ ಘೊಳ್ಳೆಂದಿತು. ಅಪ್ಪನೂ ನಕ್ಕ. ನಾನೂ ನಕ್ಕೆ. ನನ್ನ ಮೇಲೆ ಯಾರಿಗೂ ಸಂಶಯ ಬರಬಾರದಲ್ಲ, ಎಲ್ಲರಿಗಿಂತ ಜೋರಾಗಿ ನಕ್ಕೆ. ನೀರು ಸುರಿಯುತ್ತಿದ್ದ ಅಪ್ಪ ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅದೇ ವಾರ, ಶನಿವಾರ ಮುಂಜಾನೆಯ ಸಾಲಿ ಬಿಟ್ಟ ಮೇಲೆ, ನನ್ನ ಬಾಜೂ ಕೂಡುವ ಕಿರಾಣಿ ಅಂಗಡಿಯವರ ಶೈಲಾ, "ಇವತ್ತ ನನ್ನ ಹುಟ್ಟಿದ ದಿನ, ನಡೀ, ನೂಡಲ್ಸ್ ತಿನ್ನೂಣು" ಅಂತ ಕೈ ಹಿಡಿದು ಎಳೆದಳು. ಕಾಕಾ ಏನಾದರೂ ಬಾಯಿ ಬಿಟ್ಟರೆ? ಪುಣ್ಯಕ್ಕೆ ಅವನು ಕಡಾಯಿಯ ಗದ್ದಲದಲ್ಲಿದ್ದ. ಪ್ಲೇಟು ಬಂತು. ಕೆಂಪಗೆ ಹೊಳೆಯುವ ಎಳೆಗಳು, ಮೇಲೆ ಕೋಸು, ಹಸಿ ಉಳ್ಳಾಗಡ್ಡಿ. ಇನ್ನೇನು ಕೈ ಹಾಕಬೇಕು, ಅಪ್ಪ ಬಂದ.

ಕಾಕಾನಿಗೆ ಅಬ್ಬಿಗೇರಿಯಿಂದ ಹಸಿ ಮೆಣಸಿನಕಾಯಿ ತರಿಸಿದ್ದ, ಗಂಟು ಕೊಡಲು ಬಂದಿದ್ದ. ನನ್ನನ್ನು ಕಂಡವನೇ ಯಾರೋ ಪರರು ಅನ್ನುವ ಹಾಗೆ ಮುಖ ಆಚೆ ತಿರುಗಿಸಿ, ಗಂಟು ಇಟ್ಟು ಹೊರಟ. ಕಾಕಾ ಬಿಡಬೇಕಲ್ಲ!

"ಏ ಯಲ್ಲಪ್ಪಾ, ನಿಂದ್ರೋ. ಹುಡುಗ್ರು ನಿನ್ನ ಚಾಷ್ಟಿ ಮಾಡ್ತಾವಂತ? ನಾಳಿ ಆ ಬೋರ್ಡ್ ಒರಸ್ತೀನಿ."

"ಇರ್ಲಿ ಬಿಡೋ ಮಾಬು. ಇಷ್ಟ ವರ್ಷ ಗಂಟಿ ಹೊಡದೀನಿ, ನನ್ನ ಹೆಸರ ಒಂದ ಗ್ವಾಡಿ ಮ್ಯಾಲ ಯಾರೂ ಬರದಿಲ್ಲ. ತಪ್ಪಿನಿಂದರ ಬಂತಲ್ಲ!"

"ಹಂಗಾರ ನಿನ್ನ ಹೆಸರಿಂದ ಒಂದ ತುತ್ತರ ತಿನ್ನು."

ಅಪ್ಪ ನಮ್ಮ ಬೆಂಚಿಗೆ ಬರಲಿಲ್ಲ. ಕಾಕಾ ಕೊಟ್ಟ ಪ್ಲೇಟು ಹಿಡಿದು ಹೊರಗೆ ಬಿಸಿಲಲ್ಲಿ ನಿಂತು, ನಮಗೆ ಬೆನ್ನು ಮಾಡಿ, ನೂಡಲ್ಸನ್ನು ರೊಟ್ಟಿಯ ಹಾಗೆ ಮುರಿಯಲು ಹೋಗಿ, ಬಾರದೆ, ಎಳೆಗಳನ್ನೆಲ್ಲ ಒಟ್ಟು ಮಾಡಿ ಬಾಯಿಗೆ ತುರುಕಿಕೊಂಡ. ಖಾರ ನೆತ್ತಿಗೇರಿತು. ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ಕಣ್ಣು ಕೆಂಪಗಾಗಿ, ಒಂದು ಕೈಯಲ್ಲಿ ಕಂಬ ಹಿಡಿದು ಬಗ್ಗಿದ. ಇಡೀ ಸಾಲಿಗೆ ನೀರು ತುಂಬುವ ಮನುಷ್ಯ, ಅವನ ಕೈಗೆ ಒಂದು ಲೋಟ ನೀರು ಕೊಡಲು ಯಾರೂ ಏಳಲಿಲ್ಲ.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಓಡಿ ಹೋಗಿ ನೆತ್ತಿ ತಟ್ಟುತ್ತಿದ್ದೆ, ಅವ್ವ ನನಗೆ ತಟ್ಟುವ ಹಾಗೆ. "ಅಪ್ಪಾ, ಮ್ಯಾಲ ನೋಡು. ಮ್ಯಾಲ ನೋಡೋ ಅಪ್ಪಾ!"

ಅಪ್ಪ ಮೇಲೆ ನೋಡಿದ. ನಾನು ಕೊಟ್ಟ ನೀರು ಕುಡಿದ. ಉಸಿರು ಹತೋಟಿಗೆ ಬಂದ ಮೇಲೆ ನನ್ನ ಕಡೆ, ಆಮೇಲೆ ಬೆಂಚಿನ ಕಡೆ ನೋಡಿ, ಗಾಬರಿಯಿಂದ ಪಿಸುಗುಟ್ಟಿದ: "ಏ ಹುಚ್ಚಿ, ಆಕಿಗೆ ಗೊತ್ತಾತಲ್ಲ!"

ಬೆಂಚಿನಿಂದ ಶೈಲಾ ಅಂದಳು, "ಮೊದಲನೇ ದಿನಾನ ಗೊತ್ತಿತ್ರಿ ಯಲ್ಲಪ್ಪ ಕಾಕಾ. ಆಕಿ ಮಾರಿ ಥೇಟ್ ನಿಮ್ಮಂಗ ಐತಿ. ತಾನ ಹೇಳ್ಲಿ ಅಂತ ಸುಮ್ಮನಿದ್ದೆ. ಅವತ್ತ ನಕ್ಕಳಲ್ರಿ, ಭಾಳ ಸಿಟ್ಟ ಬಂದಿತ್ತು." ಅಷ್ಟು ಹೇಳಿ ಬೆಂಚಿನ ಮೇಲೆ ಸರಿದು ಅಪ್ಪನಿಗೆ ಜಾಗ ಮಾಡಿದಳು. "ಬರ್ರಿ, ಕುಂತ ತಿನ್ರಿ."

ಅಪ್ಪ ಕೂತ. ಕಣ್ಣು ಒರೆಸಿಕೊಂಡು "ಖಾರ ಭಾಳ ಐತಿ" ಅಂದ. ನಾನೂ "ಹೌದು, ಭಾಳ ಐತಿ" ಅಂತ ಬಿಕ್ಕಿದೆ. ನನ್ನ ಪ್ಲೇಟಿಗೆ ನಾನಿನ್ನೂ ಕೈಯೇ ಹಚ್ಚಿರಲಿಲ್ಲ.

ಸೋಮವಾರ ಹಿಂದಿನ ಬೆಂಚಿನವನು ಮತ್ತೆ "ಶೇಕಡಾ ಎಷ್ಟು" ಅಂದ. ಎದ್ದು ನಿಂತು ಹೇಳಿದೆ: "ನೂರಕ್ಕ ನೂರು. ನಮ್ಮಪ್ಪ ಅಂವ." ಆಮೇಲೆ ಯಾರೂ ಕೇಳಲಿಲ್ಲ. ಸಂಜೆ ಕಡೆಯ ಗಂಟೆ ಬಾರಿಸಿ ಅಪ್ಪ ನನ್ನ ಪಾಟೀಚೀಲ ಹೆಗಲಿಗೆ ಹಾಕಿಕೊಂಡ, ಇಬ್ಬರೂ ಗೇಟಿನಿಂದಲೇ ಕೂಡಿ ಮನೆಗೆ ಬಂದೆವು.

ಈಗ ಸಾಲಿಯ ಗಂಟೆ ಕರೆಂಟಿನದು, ಗುಂಡಿ ಒತ್ತಿದರೆ ಸಾಕು. ಜವಾನ ಅಂತ ಯಾರೂ ಅನ್ನುವುದಿಲ್ಲ, ಗ್ರೂಪ್ ಡಿ ಅನ್ನುತ್ತಾರೆ. ಮಾಬುಸಾಬ ಕಾಕಾ ಇಲ್ಲ. ಅವನ ಮಗ ಹೋಟೆಲನ್ನು ದೊಡ್ಡದು ಮಾಡಿದ್ದಾನೆ, ಚಲೋ ನಡೆಸುತ್ತಾನೆ. ಖಾರ ಬಾಟಲಿಯಿಂದ ಬರುತ್ತದೆ, ಓಣಿ ಸೀನುವುದಿಲ್ಲ. ಬಣ್ಣಬಣ್ಣದ ಫ್ಲೆಕ್ಸಿನಲ್ಲಿ ಶೆಜ್ವಾನ್ ನೂಡಲ್ಸ್ ಅಂತ ಸರಿಯಾಗಿ ಬರೆಸಿದ್ದಾನೆ, ಒಂದು ಚುಕ್ಕಿ ಆಚೀಚೆ ಇಲ್ಲ. ಅಪ್ಪನ ಹೆಸರು ಊರಿನ ಆ ಒಂದು ಗೋಡೆಯಿಂದಲೂ ಹೋಯಿತು.

ಹೋದ ತಿಂಗಳು ಅಪ್ಪನನ್ನೂ ನನ್ನ ಮಗಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಫ್ಲೆಕ್ಸಿನ ಕಡೆ ನೋಡಲೂ ಇಲ್ಲ. "ಮೂರು ಜವಾನ ನೂಡಲ್ಸ್ ಕೊಡಪಾ" ಅಂದ.

ಕಾಕಾನ ಮಗ ಬೆರಗಾಗಿ ನನ್ನ ಮುಖ ನೋಡಿದ. "ಅದ್ಯಾವದ್ರಿ ಅಕ್ಕಾರ?"

ನಾನು ಹೇಳುವುದರೊಳಗೆ ನನ್ನ ಮಗಳು, ಹೋಟೆಲೆಲ್ಲ ಕೇಳುವ ಹಾಗೆ, ಅಂದಳು: "ನಮ್ಮಜ್ಜಂದ್ರಿ!"