ಪಟ್ಟಿ ಕಟ್ಟಿದ ಕೈ

ಯಾವ ಸಾಮಾನನ್ನೂ ಓಡಿಸಿ ನೋಡದೆ ಕೊಳ್ಳಬೇಡಿ ಅಂತ ಎಲ್ಲರಿಗೂ ಹೇಳುವವನು ನಾನು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಲೋಡು ಇಳಿಸುತ್ತಾ ವ್ಯಾಪಾರ ಕಲಿತು, ಈಗ ಸ್ವಂತ ಮಂಡಿ ಇಟ್ಟಿದ್ದೇನೆ. ಹಾಸನದ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದು ವಿಡಿಯೋ ಗೇಮನ್ನೂ ಅರ್ಧ ಗಂಟೆ ಆಡಿ ನೋಡಿ, ಚೌಕಾಸಿ ಮಾಡಿಯೇ ತಂದೆ. ರಿಮೋಟು ಹಿಡಿದು ನಾವು ಕೈ ಬೀಸಿದರೆ ಟಿವಿಯೊಳಗಿನ ಗೊಂಬೆ ಬ್ಯಾಟು ಬೀಸುತ್ತದೆ. ತಂದದ್ದು ಶಾಂತಿಗ್ರಾಮದ ನಮ್ಮಣ್ಣನಿಗೆ.

ಅಣ್ಣನಿಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ಒದ್ದೆ ಬಟ್ಟೆ ಹಿಂಡಿ, ಹಿಟ್ಟು ಅಮುಕಿ ಅಂದಿದ್ದರು ಡಾಕ್ಟರು. ಎರಡು ದಿನ ಮಾಡಿ, "ನಾನೇನ್ ಈಗ ರೊಟ್ಟಿ ತಟ್ಟಬೇಕಾ?" ಅಂತ ಬಿಟ್ಟುಬಿಟ್ಟ. ಅವನಿಗಿದ್ದದ್ದು ಹಸುವಿನ ಚಿಂತೆ. ಅದು ಅವನ ಕೈಗಲ್ಲದೆ ಇನ್ನೊಬ್ಬರ ಕೈಗೆ ಹಾಲು ಇಳಿಸುತ್ತಿರಲಿಲ್ಲ, ಅತ್ತಿಗೆ ಕೂತರೆ ಒದೆಯುತ್ತಿತ್ತು. ಹಾಲೆಲ್ಲ ಕರುವಿಗೇ ಬಿಟ್ಟಿದ್ದರು. ಅಣ್ಣನಿಗೆ ಹಾಲು ಕರೆಯಲಾಗದಿದ್ದರೆ ಮಾರಿಬಿಡೋದು ಅಂತ ಮನೆಯಲ್ಲಿ ಮಾತಾಗಿತ್ತು.

ವಯಸ್ಸಿನಲ್ಲಿದ್ದಾಗ ಅಣ್ಣ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದವನು. ಗೇಮಿನ ಟೆನಿಸ್ ಕಂಡದ್ದೇ ಕುರ್ಚಿಯಿಂದ ಎದ್ದ. ಆದರೆ ರಿಮೋಟು ಬೆರಳಲ್ಲಿ ನಿಲ್ಲದೆ ಜಾರಿ ಬೀಳುತ್ತಿತ್ತು. ನನ್ನ ತಲೆ ಓಡಿತು, ಬ್ಯಾಂಡೇಜು ಪಟ್ಟಿಯಿಂದ ಅದನ್ನು ಅಂಗೈಗೆ ಬಿಗಿಯಾಗಿ ಸುತ್ತಿಬಿಟ್ಟೆ.

"ಹೊಡ್ದೆ ಕಣ್ಲಾ! ನೋಡ್ದಾ?" ಅಂತ ಕೂಗಿದ.

"ಓಡಾಡ್ತಿರೋದು ಆ ಗೊಂಬೆ. ನೀನು ನಿಂತಲ್ಲೇ ನಿಂತಿದೀಯ" ಅಂದೆ.

"ನಿನ್ ಮಂಡೀಲೂ ಅಂಗೇ ಅಲ್ವೇನ್ಲಾ? ಮೂಟೆ ಹೊರೋರು ಆಳುಗ್ಳು, ಗೌಡಿಕೆ ನಿಂದು."

ಅವನು ನಕ್ಕದ್ದು ಎಷ್ಟು ದಿನಕ್ಕೋ. ತಿಂಗಳೆರಡು ಕಳೆಯುವುದರೊಳಗೆ ತೋಳು ಭುಜದ ತನಕ ಏಳತೊಡಗಿತು. ಟಿವಿಯಲ್ಲಿ ಪಾಯಿಂಟು ದಿನಾ ಏರುತ್ತಿತ್ತು, ನಾನು ಅದನ್ನೇ ನಂಬಿದೆ. ಹೊಳೆನರಸೀಪುರದಿಂದ ಹಸು ನೋಡಲು ಬಂದವರಿಗೆ, "ಕೊಡಲ್ಲ, ನಮ್ಮಣ್ಣನ ಕೈ ಬಂತು" ಅಂತ ಹೇಳಿ ಕಳಿಸಿದವನೂ ನಾನೇ.

ಮಾರನೇ ಬೆಳಗ್ಗೆ ಅಣ್ಣ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಕರು ಬಿಟ್ಟು, ಎಳೆದು ಕಟ್ಟಿ, ಕೆಚ್ಚಲು ತೊಳೆದದ್ದಾಯಿತು. ತೋಳು ಮುಂದಕ್ಕೆ ಚಾಚಿತು, ಮಣಿಕಟ್ಟು ತಿರುಗಿತು, ಬೆರಳು ಮಾತ್ರ ಮಡಚಲಿಲ್ಲ. ಮೊಲೆ ಅಂಗೈಯಿಂದ ಜಾರಿತು. ಇನ್ನೊಂದು ಸಲ ಹಿಡಿಯಲು ನೋಡಿದ. ಹಸು ಒದೆಯದೆ, ಕಾದು ನಿಂತಿತ್ತು.

"ಹಿಡಿಯಾಕ್ ಬತ್ತಿಲ್ಲ ಕಣೋ" ಅಂದ, ನನ್ನ ಕಡೆ ನೋಡದೆ.

ಅತ್ತಿಗೆ ಮೆಲ್ಲಗೆ ಅಂದರು: "ಬೀಸೋದನ್ನ ಅವ್ರು ಕಲ್ತ್ರು ಕಣಪ್ಪ. ಹಿಡಿಯೋ ಕೆಲಸ ನಿನ್ ಪಟ್ಟಿ ಮಾಡ್ತಿತ್ತು."

ಕೊಳ್ಳುವಾಗ ಅರ್ಧ ಗಂಟೆ ಪರೀಕ್ಷೆ ಮಾಡಿದ್ದು ಯಂತ್ರವನ್ನು. ಪಟ್ಟಿ ಬಿಚ್ಚಿ ಅಣ್ಣನ ಕೈಯನ್ನು ಒಂದು ದಿನವೂ ಪರೀಕ್ಷೆ ಮಾಡಿರಲಿಲ್ಲ. ಈಗ ಆ ಗೇಮಿನ ಬಗ್ಗೆ ಯಾರಾದರೂ ಕೇಳಿದರೆ ಹೇಳುತ್ತೇನೆ: ತಗೊಳ್ಳಿ, ಯಾರ ಮಾತಿಗೂ ಏಳದವರನ್ನು ಅದು ಎಬ್ಬಿಸಿ ನಿಲ್ಲಿಸುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಕೈಯಾಡುವುದು ಮಾತ್ರ, ಹಿಡಿತ ಗೊತ್ತಿಲ್ಲ. ಬಟ್ಟೆ ಹಿಂಡುವುದನ್ನು ಬಿಡಬೇಡಿ.

ಹಸುವನ್ನು ಮಾರಲಿಲ್ಲ. ಅತ್ತಿಗೆ ಹಾಲು ಕರೆಯುವಾಗ ಅಣ್ಣ ಪಕ್ಕದಲ್ಲಿ ನಿಂತು, ಬಲಗೈಯನ್ನು ತಾನೇ ಎತ್ತಿ ಅದರ ಬೆನ್ನ ಮೇಲೆ ಇಡುತ್ತಾನೆ. ಅಷ್ಟು ಎತ್ತರಕ್ಕೆ ಆ ಕೈಯನ್ನು ತಂದದ್ದು ಆಟವೇ, ಇಲ್ಲ ಅನ್ನಲಾರೆ. ಹಸು ಸುಮ್ಮನೆ ನಿಲ್ಲುತ್ತದೆ, ಹಾಲು ಇಳಿಸುತ್ತದೆ, ಮೊದಲಿನಷ್ಟಲ್ಲ. ಅಣ್ಣ ಪಾತ್ರೆಯ ಕಡೆ ನೋಡುವುದಿಲ್ಲ.